ಶೀತದೇಶದಲ್ಲಿ ಅಂಜೂರ

ಇಂಗ್ಲೆಂಡಿನಲ್ಲಿ ನೆಲಸಿರುವ ವಾಚಕರೊಬ್ಬರು, ತಮ್ಮ ಹಿತ್ತಿಲ ‘ಬ್ರೌನ್ ಟರ್ಕಿ’ ಅಂಜೂರವು ಮೂರು ವರ್ಷಗಳಿಂದ ಕಾಯಿ ಬಿಟ್ಟರೂ ಒಂದು ಹಣ್ಣನ್ನಾದರೂ ಕೊಡಲಿಲ್ಲವೆಂದೂ, ಕಡಿಸಿಬಿಡಬಹುದೇ ಎಂದೂ ನಮ್ಮನ್ನು ಕೇಳಿರುತ್ತಾರೆ. ಕಡಿಸಬಾರದು. ನಮ್ಮ ಅತ್ತಿಯ ಕುಲಕ್ಕೇ ಸೇರಿದ ಈ ವೃಕ್ಷದಲ್ಲಿ, ಶರತ್ಕಾಲದಲ್ಲಿ ರೆಂಬೆಯ ತುದಿಗೆ ಮೂಡುವ ಬಟಾಣಿಗಾತ್ರದ ಎಳೆಗಾಯಿಗಳೇ ಚಳಿಯನ್ನು ದಾಟಿ, ಮರುವರ್ಷ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಪಕ್ವವಾಗುವುವು. ಕಾರ್ತಿಕದ ವೇಳೆಗೆ ಹಸುರಾಗಿಯೇ ಉಳಿದ ದೊಡ್ಡ ಕಾಯಿಗಳು ಅಲ್ಲಿನ ಬಯಲಿನಲ್ಲಿ ಮಾಗಲಾರವು, ಅವನ್ನು ಕಿತ್ತುಹಾಕತಕ್ಕದ್ದು. ಇವರಾದರೋ ದೊಡ್ಡವನ್ನು ಮೋಹದಿಂದ ಉಳಿಸಿಕೊಂಡು, ಅಂದಕ್ಕಾಗಿ ತುದಿಗಳನ್ನೇ ಕತ್ತರಿಸುತ್ತಿದ್ದರಂತೆ! ಪ್ಯಾರಿಸ್ ನಗರದ ಬಳಿಯ ಆರ್ಜಾಂತೇಯಿನ ಕೃಷಿಕರು ಹಿಂದೆ ಕೊಂಬೆಗಳನ್ನು ಬಾಗಿಸಿ, ಚಳಿಗಾಲವೆಲ್ಲ ಮಣ್ಣಿನಲ್ಲಿ ಹೂತಿಟ್ಟು ರಕ್ಷಿಸುತ್ತಿದ್ದರು. ಇವರಿಗೆ ಅಷ್ಟು ಶ್ರಮ ಬೇಡ. ಗಿಡವು ದಕ್ಷಿಣಕ್ಕೆ ಮುಖಮಾಡಿದ ಗೋಡೆಯನ್ನು ಆಶ್ರಯಿಸಿದೆಯಂತೆ. ಹಿಮ ಬಲವಾದಾಗ ತುದಿಗಳಿಗೆ ಒಣಹುಲ್ಲು ಹೊದಿಸಲಿ. ಕತ್ತರಿಯನ್ನು ಈ ವರ್ಷ ಒಳಗಿಡಲಿ.