ಚಿಹ್ನೆಗೆ ಅರ್ಥ ಬರುವುದು ಎಲ್ಲಿಂದ?

ಒಳ್ಳೆಯ ಲಾಂಛನವು ಕಂಡೊಡನೆ ತನ್ನ ಅರ್ಥವನ್ನು ತಾನೇ ಸಾರಬೇಕೆಂದು ಹಲವರ ಎಣಿಕೆ. ಇದು ಎಲ್ಲೆಡೆಯೂ ಸಲ್ಲದೆಂದು ನನ್ನ ಅಭಿಪ್ರಾಯ.

ಬಾಯ್ದೆರೆದ ಮೂರು ಬಳೆಗಳು ಒಂದು ಉಂಗುರದ ಸುತ್ತ ಹೆಣೆದಿರುವ, ರೋಗಾಣುಗಳ ಅಪಾಯವನ್ನು ಸೂಚಿಸುವ ಚಿಹ್ನೆಯನ್ನು ವಾಚಕರು ಆಸ್ಪತ್ರೆಗಳಲ್ಲಿ ಕಂಡಿರಬಹುದು. ಅಮೆರಿಕದ ಡೌ ಕೆಮಿಕಲ್ ಸಂಸ್ಥೆಯಲ್ಲಿ ಚಾರ್ಲ್ಸ್ ಬಾಲ್ಡ್ವಿನ್ ಮತ್ತು ಸಂಗಡಿಗರು 1966ರಲ್ಲಿ ಇದನ್ನು ರೂಪಿಸಿದರು. ಹಲವು ಆಕೃತಿಗಳನ್ನು ಜನರಿಗೆ ತೋರಿಸಿ, ಯಾವುದು ನೆನಪಿನಲ್ಲಿ ಚೆನ್ನಾಗಿ ನಿಲ್ಲುವುದೋ, ಆದರೆ ಯಾವ ಹಳೆಯ ಅರ್ಥವನ್ನೂ ಮನಸ್ಸಿಗೆ ತಾರದೋ, ಅದನ್ನೇ ಆರಿಸಿಕೊಂಡರು. ಬರಿದಾದ ಪಾತ್ರೆಯಲ್ಲವೆ ಬೇಕಾದುದನ್ನು ತುಂಬಲು ತಕ್ಕುದು? ಮೂರು ಕಡೆಯೂ ಸಮನಾಗಿರುವುದರಿಂದ ಡಬ್ಬಿಯು ಉರುಳಿಬಿದ್ದರೂ ಗುರುತು ಕೆಡದು.

ಆದರೆ ತುಂಬುವವರೇ ಇಲ್ಲದಿದ್ದರೆ? 1946ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ವಿಕಿರಣದ ಮೂರೆಸಳಿನ ಚಿಹ್ನೆಯೂ ಸರಳವೇ. ಕಲಿಯದವನಿಗೆ ಅದು ಬರಿಯ ಬೀಸಣಿಗೆಯಂತೆ ತೋರೀತು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾ ನಗರದಲ್ಲಿ, ತೊರೆದ ಚಿಕಿತ್ಸಾಲಯವೊಂದರ ಯಂತ್ರವನ್ನು ಕೆಲವರು ಗುಜರಿಯೆಂದು ಬಿಚ್ಚಿದರು. ಒಳಗಿದ್ದ ಸೀಸಿಯಂ-137 ನಾಲ್ವರನ್ನು ಬಲಿ ತೆಗೆದುಕೊಂಡಿತು. ಇಂಥವರನ್ನು ನೆನೆದೇ 2007ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಐಎಸ್‌ಒ ಸಂಸ್ಥೆಯೊಡನೆ ಹೊಸದೊಂದು ಚಿಹ್ನೆಯನ್ನು ಹೊರತಂದಿತು. ಮೂರೆಸಳಿನ ಜತೆಗೆ ತಲೆಬುರುಡೆ, ಓಡುವ ಮನುಷ್ಯ! ಹನ್ನೊಂದು ದೇಶಗಳ ಜನರಲ್ಲಿ ಪರೀಕ್ಷಿಸಿದ ಇದನ್ನು, ಯಂತ್ರವನ್ನು ಬಿಚ್ಚುವವನ ಕಣ್ಣಿಗೆ ಬೀಳುವಂತೆ ಒಳಗೇ ಅಂಟಿಸಬೇಕೆಂಬುದು ಉದ್ದೇಶ.

ಕಲಿಸಬಲ್ಲೆಡೆ ಬರಿದಾದ ಆಕೃತಿ ಸಾಕು. ಕಲಿಸಲಾಗದೆಡೆ ಚಿತ್ರವೇ ಮಾತನಾಡಬೇಕು. ಆದ್ದರಿಂದ ಲಾಂಛನ ಬರೆಯುವವನು ಅಂದವನ್ನು ಕುರಿತು ಯೋಚಿಸುವ ಮೊದಲು, ಇದನ್ನು ನೋಡುವವರು ಯಾರೆಂದು ಕೇಳಿಕೊಳ್ಳಲಿ. ಕಲಿತವರಾದ ನಾವು, ಕಲಿಯದವರಿಗೆ ಅದನ್ನು ತಿಳಿಸೋಣ.