ಬೀಬಿ ನಾಚಿಯಾರ್ ಎಲ್ಲರಿಗೂ ಬೇಕು, ಚೆಲುವಾಂಬೆ ಯಾರಿಗೂ ಬೇಡ

ವೈರಮುಡಿ ಬಂತೆಂದರೆ ವಾಟ್ಸಾಪಿನಲ್ಲಿ ಆ ಕಥೆಯೂ ಬರುತ್ತದೆ. ದಿಲ್ಲಿ ಬಾದಷಹನ ಮಗಳು ಮೇಲುಕೋಟೆಯ ಚೆಲುವರಾಯನಿಗೆ ಮನಸೋತಳಂತೆ, ರಾಮಾನುಜರು ವಿಗ್ರಹ ವಾಪಸ್ ತರುವಾಗ ಹಿಂದೆಯೇ ಬಂದು ದೇವರ ಪಾದ ಸೇರಿದಳಂತೆ. ಈ ಸಲ ನಮ್ಮ ಗ್ರೂಪಿನಲ್ಲಿ, ನನ್ನ ಬಸ್ಸು ಯಲಹಂಕ ಬಿಟ್ಟು ಹೆಬ್ಬಾಳ ಫ್ಲೈಓವರ್ ದಾಟುವುದರೊಳಗೆ (ಅಂದರೆ ಮುಕ್ಕಾಲು ಗಂಟೆ!) ಎರಡು ಪಾರ್ಟಿ ಆಗಿ ಜಗಳ ಶುರುವಾಗಿತ್ತು. ಒಬ್ಬರಿಗೆ ಇದು ಕೋಮು ಸೌಹಾರ್ದ, ಇನ್ನೊಬ್ಬರಿಗೆ ನಮ್ಮ ದೇವರ ಗೆಲುವು. ಸುಮಾರು ಮುನ್ನೂರು ವರ್ಷದ ಹಿಂದೆ ಇದೇ ಕಥೆ ಹಿಡಿದು ಕನ್ನಡದಲ್ಲಿ ಇಡೀ ಕಾವ್ಯ ಬರೆದ ಹೆಂಗಸಿನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ತಡೆಯಲಾಗದೆ ನಾನೇ ಹಾಕಿದೆ: ಚೆಲುವಾಂಬೆ, 'ವರನಂದಿ ಕಲ್ಯಾಣ'.

"ಮೈಸೂರಲ್ಲಿ ಸಿ.ಎಫ್.ಟಿ.ಆರ್.ಐ. ಇದೆಯಲ್ಲ, ಆ ಬಂಗಲೆಯವರಾ?" ಅಂತ ಒಬ್ಬ ಕೇಳಿದ.

ಅಲ್ಲ ಸ್ವಾಮಿ. ಆ ಬಂಗಲೆ ನಾಲ್ವಡಿಯವರ ತಂಗಿಯ ಹೆಸರಿನದು. ನಾನು ಹೇಳುತ್ತಿರುವುದು 1714ರಿಂದ 1732ರ ತನಕ ಮೈಸೂರು ಆಳಿದ ದೊಡ್ಡ ಕೃಷ್ಣರಾಜರ ರಾಣಿಯನ್ನು. 'ಆಳಿದ' ಅನ್ನುವುದೂ ಮರ್ಯಾದೆಗೆ, ಅಧಿಕಾರವೆಲ್ಲ ದಳವಾಯಿಗಳ ಕೈ ಸೇರುತ್ತಿದ್ದ ಕಾಲ ಅದು. ಆದರೂ ನಾವು ಇವತ್ತಿಗೂ ರಾಜನನ್ನು ಮುಂದಿಟ್ಟೇ ರಾಣಿಯನ್ನು ಪರಿಚಯಿಸಬೇಕು. ನೋಡಿ, ನಾನೂ ಹಾಗೇ ಮಾಡಿದೆ.

ಆ ಕಾಲ ಎಂಥದ್ದು ಅಂತ ಸ್ವಲ್ಪ ಯೋಚಿಸಿ. ಔರಂಗಜೇಬ ಸತ್ತದ್ದು 1707ರಲ್ಲಿ. ಆಮೇಲೆ ದಿಲ್ಲಿಯ ಹೆಸರು ಹೇಳಿಕೊಂಡು ಆರ್ಕಾಟಿನ ನವಾಬ, ಶಿರಾದ ನವಾಬ ಕಪ್ಪ ಕೇಳುತ್ತಾ ಮೈಸೂರಿನ ಮೇಲೆ ದಂಡೆತ್ತಿ ಬರುತ್ತಿದ್ದರು. ದಿಲ್ಲಿ ಅಂದರೆ ಶ್ರೀರಂಗಪಟ್ಟಣಕ್ಕೆ ಸಾಲಗಾರನ ಮುಖ. ಅದೇ ಶ್ರೀರಂಗಪಟ್ಟಣದ ರಾಣಿ ಬರೆಯಲು ಕೂತಾಗ ದಿಲ್ಲಿಯ ಬಾದಷಹನ ಮಗಳನ್ನೇ ನಾಯಕಿ ಮಾಡಿಕೊಂಡಳು! ಅಷ್ಟೇ ಅಲ್ಲ, ಆ ವರನಂದಿ ಹಿಂದಿನ ಜನ್ಮದಲ್ಲಿ ಸತ್ಯಭಾಮೆ ಅಂದಳು. ಅಂದಮೇಲೆ ಅವಳು ಯಾರೋ ಪರರ ಹುಡುಗಿ ಅಲ್ಲ, ಯಾರೂ ಗೆದ್ದು ತಂದವಳೂ ಅಲ್ಲ. ತನ್ನ ಮನೆಗೆ ತಾನು ಬಂದವಳು. ನಮ್ಮ ಗ್ರೂಪಿನ ಎರಡು ಪಾರ್ಟಿಗೂ ಇದು ಅಷ್ಟು ಸುಲಭಕ್ಕೆ ಸಿಗುವ ಅಸ್ತ್ರವಲ್ಲ. ಹಳೇ ಜನ್ಮದಲ್ಲಿ ನಮ್ಮವಳನ್ನಾಗಿ ಮಾಡಿಕೊಂಡ ಮೇಲೆ ಏನು ಬಂತು ಅಂತ ತಕರಾರು ತೆಗೆಯಬಹುದು. ಧಾರಾಳವಾಗಿ ತೆಗೆಯಿರಿ, ಆದರೆ ಓದಿ ತೆಗೆಯಿರಿ.

ಇನ್ನೊಂದು ಮಾತು ನನಗೆ ಮೈ ಉರಿಸುತ್ತೆ: "ಅಕ್ಕಮಹಾದೇವಿ ಆದಮೇಲೆ ತ್ರಿವೇಣಿ ಬರೋತನಕ ನಮ್ಮಲ್ಲಿ ಹೆಂಗಸರು ಎಲ್ಲಿ ಬರೆದರು?" ರೀ, ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಶೃಂಗಾರಮ್ಮ 'ಪದ್ಮಿನಿ ಕಲ್ಯಾಣ' ಬರೆದಳು. ಅವರ ಹಿಂದೆಯೇ ಬಂದವಳು ಚೆಲುವಾಂಬೆ, ತಿರುಪತಿ ವೆಂಕಟೇಶನ ಮೇಲೆ ಲಾಲಿ ಹಾಡುಗಳನ್ನೂ ಬರೆದಿದ್ದಾಳೆ. ಸಂಚಿಯವಳೂ ರಾಣಿಯೂ ಬರೆದದ್ದು ಅದೇ ಸಾಂಗತ್ಯದಲ್ಲಿ, ಹಾಡಿಕೊಂಡು ಕೇಳುವ ಛಂದಸ್ಸಿನಲ್ಲಿ. ಬರೆದವರು ಇದ್ದರು. ಕೇಳಿಸಿಕೊಳ್ಳದವರು ನಾವು.

ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಏನು ಮಾಡಿದರು ಗೊತ್ತಲ್ಲ? ತಂಜಾವೂರಿನ ಮುದ್ದುಪಳನಿಯ 18ನೇ ಶತಮಾನದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನ'ವನ್ನು ಹುಡುಕಿ ಪೂರ್ತಿಯಾಗಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಚೆಲುವಾಂಬೆಯನ್ನು ಯಾರೂ ನಿಷೇಧಿಸಲಿಲ್ಲ, ಪಾಪ. ನಿಷೇಧಿಸಿದ್ದರೆ ಒಂದಷ್ಟು ಜನ ಓದುತ್ತಿದ್ದರೋ ಏನೋ.

ಗದುಗಿನ ಭಾರತವನ್ನು ನಮ್ಮಂಥ ಬ್ಲಾಗಿಗರೇ ಸೇರಿ ಟೈಪಿಸಿ ನೆಟ್ಟಿಗೆ ತಂದರು, ಯಾರ ಅನುದಾನಕ್ಕೂ ಕಾಯಲಿಲ್ಲ. ಅದರ ಮುಂದೆ ಇದು ಸಣ್ಣ ಕೆಲಸ. ಪುಸ್ತಕ ಹೊಂದಿಸುವುದು, ಯೂನಿಕೋಡ್ ತಪ್ಪು ತಿದ್ದುವುದು ನನಗಿರಲಿ. ದಿನಕ್ಕೆ ಹತ್ತು ಪದ್ಯ ಟೈಪ್ ಮಾಡಲು ಯಾರ್ಯಾರು ಬರ್ತೀರಿ, ಕಾಮೆಂಟಿನಲ್ಲಿ ಹೆಸರು ಹಾಕಿ.