ನಿಷೇಧದ ಫಲಕ ಸಾಲದು, ಮಕ್ಕಳಿಗೆ ಈಜು ಕಲಿಸಿ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಹಾಸನ.

ಇವರಿಂದ:
ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪೋಷಕರು, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ರೈತರು.

ವಿಷಯ: ಆರು ವರ್ಷ ದಾಟಿದ ಮಕ್ಕಳಿಗೆ ಶಾಲೆಯ ಮೂಲಕ ಈಜು ಮತ್ತು ನೀರಿನ ಎಚ್ಚರ ಕಲಿಸುವ ಬಗ್ಗೆ, ನಾಲೆ, ಕೆರೆ, ಕೃಷಿಹೊಂಡಗಳ ಅಂಚಿಗೆ ರಕ್ಷಣೆ ಒದಗಿಸುವ ಬಗ್ಗೆ.

ಮಾನ್ಯರೇ,

2024ರ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇದ್ದಾಗ, ನಮ್ಮದೇ ಜಿಲ್ಲೆಯ ಆಲೂರು ತಾಲ್ಲೂಕಿನ ಮುತ್ತಿಗೆ ಗ್ರಾಮದಲ್ಲಿ ನಾಲ್ವರು ಹುಡುಗರು ಕೆರೆಗಿಳಿದವರು ಮನೆಗೆ ಮರಳಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆಂದು ಹೋಗಿ ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಬಿಟ್ಟರು. ಇಂಥದ್ದು ನಡೆದಾಗಲೆಲ್ಲ ಆಗುವುದು ಒಂದೇ. ಎರಡು ದಿನ ಪತ್ರಿಕೆಯಲ್ಲಿ ಸುದ್ದಿ, ಅಧಿಕಾರಿಗಳ ಸ್ಥಳ ಪರಿಶೀಲನೆ, ಆಮೇಲೆ ದಡದಲ್ಲೊಂದು ಫಲಕ: ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ. ಆರು ವರ್ಷದ ಮಗುವಿಗೆ ಅದನ್ನು ಓದಲು ಬಾರದು. ಹದಿಮೂರರ ಹುಡುಗ ಓದುತ್ತಾನೆ, ಅಂಗಿ ಬಿಚ್ಚಿ ಅದೇ ಫಲಕಕ್ಕೆ ನೇತುಹಾಕಿ ನೀರಿಗಿಳಿಯುತ್ತಾನೆ.

ನಮ್ಮಲ್ಲಿ ನಲವತ್ತೈದು ದಾಟಿದ ಗಂಡಸರಲ್ಲಿ ಬಹುತೇಕರು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಸೋರೆಬುರುಡೆ, ಅದಿಲ್ಲದಿದ್ದರೆ ಬಾಳೆದಿಂಡು ಇಲ್ಲವೇ ಜೋಡಿಸಿ ಕಟ್ಟಿದ ಎರಡು ಒಣ ತೆಂಗಿನಕಾಯಿ. ಹಗ್ಗದ ಇನ್ನೊಂದು ತುದಿ ಮೇಲೆ ಕೂತ ಚಿಕ್ಕಪ್ಪನ ಕೈಯಲ್ಲಿ. ಮೊದಲ ದಿನ ಮೂಗಿಗೆಲ್ಲ ನೀರು, ಅಳು, ಬೈಗುಳ. ನಾಲ್ಕನೇ ದಿನ ಬುರುಡೆ ಸಡಿಲ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ ಹಗ್ಗ ಬಿಚ್ಚಿಯಾಯಿತು. ಆ ಪಾಠ ಹೆಣ್ಣುಮಕ್ಕಳಿಗೆ ದಕ್ಕಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೊಳವೆಬಾವಿಗಳು ಬಂದು ಅಂತರ್ಜಲ ಪಾತಾಳಕ್ಕಿಳಿದ ಮೇಲೆ ತೋಟದ ಬಾವಿಗಳು ಬತ್ತಿದವು, ಹಲವನ್ನು ಮುಚ್ಚಿಯೂ ಆಯಿತು. ಬಾವಿಯ ಜೊತೆಗೆ ಚಿಕ್ಕಪ್ಪನ ಕೈಯ ಹಗ್ಗವೂ ಹೋಯಿತು. ನೀರು ಮಾತ್ರ ಊರು ಬಿಟ್ಟು ಹೋಗಲಿಲ್ಲ.

ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ 37.10 ಟಿಎಂಸಿ ಅಡಿ. ಎಡದಂಡೆ ನಾಲೆ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು, ಬಾಗೂರು-ನವಿಲೆ ಸುರಂಗ ಹೊಕ್ಕು ತುಮಕೂರು ಸೀಮೆಗೆ ಹೋಗುತ್ತದೆ. ಬಲದಂಡೆಯ ನೀರು ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಿಗೆ. ಅರಕಲಗೂಡಿನ ಇನ್ನೊಂದು ಅಂಚಿನಲ್ಲಿ ಕೊಣನೂರು, ರಾಮನಾಥಪುರಗಳ ಕಾವೇರಿ. ಹೊಳೆನರಸೀಪುರಕ್ಕೆ ಹೆಸರಿನಲ್ಲೇ ಹೊಳೆ ಇದೆ, ಶ್ರವಣಬೆಳಗೊಳಕ್ಕೆ ಹೆಸರಿನಲ್ಲೇ ಕೊಳ. ಈ ನೀರಿನಿಂದಲೇ ನಮ್ಮ ಹೊಟ್ಟೆ ತುಂಬಿದೆ. ಆದರೆ ಹೊಸ ನೀರಿನ ಸ್ವಭಾವ ಬಾವಿಯಂತಲ್ಲ.

ನಾಲೆಯನ್ನೇ ನೋಡಿ. ಎರಡೂ ಬದಿ ಇಳಿಜಾರು ಸಿಮೆಂಟು, ನೀರಿನ ಮಟ್ಟದಲ್ಲಿ ಅಂಗೈಯಗಲ ಪಾಚಿ. ಬಟ್ಟೆ ಒಗೆಯುವ ತಾಯಿ ಪಕ್ಕದಲ್ಲಿ ಕೂರಿಸಿದ ಮಗು ಬಕೆಟ್ಟಿನ ಮಗ್ಗು ತೇಲಿಸುತ್ತಾ ಅರ್ಧ ಅಡಿ ಜಾರಿತೆಂದರೆ ಹಿಡಿಯಲು ಏನೂ ಸಿಗದು. ಮೇಲಿನಿಂದ ನೋಡಿದವರಿಗೆ ನೀರು ನಿಧಾನಕ್ಕೆ ಹರಿಯುವಂತೆ ಕಾಣುತ್ತದೆ. ಇಳಿದವರಿಗೆ ಕಾಲು ನಿಲ್ಲುವುದಿಲ್ಲ.

ಕೃಷಿಹೊಂಡದ್ದು ಇನ್ನೊಂದು ಕಥೆ. ಹೊಂಡಕ್ಕೆ ಹಾಸಿದ ಪಾಲಿಥೀನ್ ಹಾಳೆ ನೆನೆದರೆ ಎಣ್ಣೆ ಸವರಿದ ಹಾಗೆ. ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಮೊಣಕೈ ಊರಿದರೆ ಜಾರುತ್ತದೆ, ಉಗುರಿಗೆ ಹಿಡಿತವಿಲ್ಲ, ಕಾಪಾಡಲು ಇಳಿದ ಅಪ್ಪನೂ ಒಳಗೇ ಉಳಿಯುತ್ತಾನೆ. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಅವಕಾಶವಿದೆ. ಆದರೂ ಬೇಲಿಯಿಲ್ಲದ ಹೊಂಡ ನೋಡಲು ದೂರ ಹೋಗಬೇಕಿಲ್ಲ. ರೈತರಾದ ನಮ್ಮ ತಪ್ಪೂ ಇದರಲ್ಲಿದೆ, ಒಪ್ಪುತ್ತೇವೆ.

ಕೆರೆಗಳಲ್ಲಿ ಜೆಸಿಬಿಯಿಂದ ಹೂಳು, ಮಣ್ಣು ತೆಗೆದ ಗುಂಡಿಗಳನ್ನು ಹಾಗೆಯೇ ಬಿಡಲಾಗುತ್ತದೆ. ಬೇಸಿಗೆಯಲ್ಲಿ ಕ್ರಿಕೆಟ್ ಆಡಿದ ಜಾಗ ಅದೇ ಎಂದು ಹುಡುಗರು ಮಳೆಗಾಲದಲ್ಲಿ ಧೈರ್ಯವಾಗಿ ನಡೆದು ಹೋಗುತ್ತಾರೆ. ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ಎರಡಾಳು ಆಳ. ಮೊದಲು ಒಬ್ಬ ಮುಳುಗುತ್ತಾನೆ, ಆಮೇಲೆ ಅವನ ಕೈ ಹಿಡಿಯಲು ಹೋದವನು, ಮತ್ತೆ ಅವನನ್ನು ಹಿಡಿಯಲು ಹೋದವನು. ಇಂಥ ಸುದ್ದಿಗಳಲ್ಲಿ ಮೂವರು, ನಾಲ್ವರು ಒಟ್ಟಿಗೆ ಇರುವುದಕ್ಕೆ ಇದೇ ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ನಮ್ಮ ದೇಶದ ಲೆಕ್ಕ 38 ಸಾವಿರ ದಾಟಿದೆ. ನಾಯಿ ಕಡಿತಕ್ಕೆ, ಹಾವು ಕಡಿತಕ್ಕೆ, ರಸ್ತೆ ಅಪಘಾತಕ್ಕೆ ಸಭೆಗಳು ನಡೆಯುತ್ತವೆ. ನೀರಿನ ಸಾವಿಗೆ ಮಾತ್ರ 'ವಿಧಿ' ಎಂದು ಕೈಮುಗಿದು ಸುಮ್ಮನಾಗುತ್ತೇವೆ.

ಇದು ವಿಧಿಯಲ್ಲ ಎನ್ನುವುದಕ್ಕೆ ಪಕ್ಕದ ಬಾಂಗ್ಲಾದೇಶ ಸಾಕ್ಷಿ. ಮನೆ ಹಿತ್ತಲಿನಲ್ಲೇ ಕೊಳವಿರುವ ಆ ದೇಶದ ಹಳ್ಳಿಗಳಲ್ಲಿ ಎರಡು ಕೆಲಸ ಮಾಡಿದರು. ಪುಟ್ಟ ಮಕ್ಕಳನ್ನು ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಒಂದು ಮನೆಯಲ್ಲಿ ಸೇರಿಸಿ ನೋಡಿಕೊಂಡರು. ದೊಡ್ಡ ಮಕ್ಕಳಿಗೆ ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಈಜು ಕಲಿಸಿದರು. 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ಮುಳುಗುವವರಿಗೆ ದಡದಿಂದಲೇ ನೆರವಾಗಲು ತಿಳಿದಿರಬೇಕು, ಪಾಸಾಗಲು ಅಷ್ಟೇ. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ ಇವುಗಳಲ್ಲಿ ಸೇರಿದ ಮಕ್ಕಳ ಮುಳುಗು ಸಾವು ಮೊದಲ ಕ್ರಮದಲ್ಲಿ ಶೇ 80ಕ್ಕಿಂತ, ಎರಡನೆಯದರಲ್ಲಿ ಶೇ 90ಕ್ಕಿಂತ ಹೆಚ್ಚು ತಗ್ಗಿತು. ಅಲ್ಲಿ ಯಾರೂ ನೀಲಿ ಟೈಲ್ಸಿನ ಈಜುಕೊಳ ಕಟ್ಟಿಸಲಿಲ್ಲ. ನಾವೂ ಅದನ್ನು ಕೇಳುತ್ತಿಲ್ಲ.

ನಾವು ಕೇಳುತ್ತಿರುವುದು ಇಷ್ಟು.

ಮೊದಲು ಲೆಕ್ಕ ಬೇಕು. ಪೊಲೀಸ್ ಠಾಣೆಗಳ ಅಸಹಜ ಸಾವಿನ ಪ್ರಕರಣಗಳಲ್ಲಿ ಸತ್ತವರ ವಯಸ್ಸು, ಸ್ಥಳ, ಹೊತ್ತು ಎಲ್ಲವೂ ಇವೆ. ನಾಲ್ಕು ತಾಲ್ಲೂಕುಗಳ ಕಳೆದ ಐದು ವರ್ಷದ ಕಡತಗಳಿಂದ ನೀರಿನ ಸಾವುಗಳನ್ನು ಆರಿಸಿ ಊರುವಾರು ಪಟ್ಟಿ ಮಾಡಿಸಿ. ಯಾವ ತಿರುವು, ಯಾವ ತೂಬು, ಯಾವ ಕೆರೆಯ ಯಾವ ಮೂಲೆ ಎಂಬುದು ಒಂದೇ ತಿಂಗಳಲ್ಲಿ ತಮ್ಮ ಮೇಜಿನ ಮೇಲಿರುತ್ತದೆ.

ಎರಡನೆಯದೇ ನಮ್ಮ ಮುಖ್ಯ ಬೇಡಿಕೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಎರಡನೇ ತರಗತಿಯಿಂದ ಏಳರವರೆಗಿನ ಪ್ರತಿ ಮಗುವಿಗೂ ಜನವರಿಯಿಂದ ಮಾರ್ಚ್ ನಡುವೆ, ಅಂದರೆ ಬೇಸಿಗೆ ರಜೆಗೆ ಮೊದಲೇ, ಹದಿನೈದು ದಿನಗಳ ಈಜು ಪಾಠ ನಡೆಯಲಿ. ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತಿದ ಕಲ್ಯಾಣಿಗಳಿವೆ. ನೀರಿನ ಗುಣ, ಆಳ ಪರೀಕ್ಷಿಸಿ, ಎದೆಮಟ್ಟದ ಜಾಗವನ್ನು ಹಗ್ಗ ಕಟ್ಟಿ ಬೇರ್ಪಡಿಸಿದರೆ ಸಾಕು. ಕಲಿಸುವವರು ಯಾರು ಎಂದು ಕೇಳಬಹುದು. ಕೆರೆಯಲ್ಲಿ ಶವ ತೆಗೆಯಬೇಕಾದಾಗ ಪ್ರತಿ ಹೋಬಳಿಯಲ್ಲೂ ಕರೆಸುವ ಈಜುಗಾರರಿದ್ದಾರೆ, ಹರಿಗೋಲಿನಲ್ಲಿ ಮೀನು ಹಿಡಿಯುವವರಿದ್ದಾರೆ. ಹೆಣ ತೆಗೆಯಲು ಕರೆಯುವ ಕೈಗಳನ್ನೇ ಮಕ್ಕಳಿಗೆ ಕಲಿಸಲು ಕರೆಯಿರಿ. ಅಗ್ನಿಶಾಮಕ ದಳದಿಂದ ಅವರಿಗೂ ದೈಹಿಕ ಶಿಕ್ಷಕರಿಗೂ ತರಬೇತಿ ಕೊಡಿಸಿ, ಗೌರವಧನ ನಿಗದಿ ಮಾಡಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಹೆಂಗಸರೇ ಶಿಕ್ಷಕಿಯರು, ಮೈತುಂಬ ಉಡುಪು ಇರಲಿ. ಇಲ್ಲದಿದ್ದರೆ ಕಳಿಸುವ ಮನೆಗಳು ಕಡಿಮೆ ಎಂಬುದು ನಮಗೆ ಗೊತ್ತು. ಶಾಲಾ ಪ್ರವಾಸ ಹೊಳೆಗೋ ಕಡಲಿಗೋ ಹೊರಟರೆ ಜೊತೆಗೆ ಈಜು ಬಲ್ಲವರೊಬ್ಬರು ಇರಲೇಬೇಕು ಎಂಬ ಷರತ್ತು ಹಾಕಿ.

ಆರು ವರ್ಷದೊಳಗಿನ ಮಕ್ಕಳಿಗೆ ಈಜು ಕಲಿಸಿದರೆ ಸಾಲದು, ಅವರಿಗೆ ಬೇಕಾದುದು ಬೇಲಿ ಮತ್ತು ಕಣ್ಣು. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ 'ಕೂಸಿನ ಮನೆ'ಗಳು ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಷ್ಟೇ ಎಂದಾಗದೆ, ನಾಲೆ ಪಕ್ಕದ ಊರುಗಳಲ್ಲಿ ನಾಟಿ, ಕಟಾವಿನ ಕಾಲಕ್ಕೆ ಎಲ್ಲ ತಾಯಂದಿರಿಗೂ ತೆರೆದಿರಲಿ. ಬೇಲಿಯಿಲ್ಲದ ಕೃಷಿಹೊಂಡಕ್ಕೆ ಸಹಾಯಧನದ ಕೊನೆಯ ಕಂತು ಬಿಡಬೇಡಿ. ಹಳೆಯ ಹೊಂಡಗಳಿಗೆ ಬೇಲಿ ಆಗುವವರೆಗೆ ನಾಲ್ಕೂ ಬದಿಗೆ ಗೂಟ ಹೊಡೆದು ಗಂಟು ಹಾಕಿದ ಹಗ್ಗ ಇಳಿಬಿಡಲಿ, ಇದಕ್ಕೆ ಆಗುವ ಖರ್ಚು ಒಂದು ಚೀಲ ಗೊಬ್ಬರದಷ್ಟೂ ಇಲ್ಲ.

ಕಾವೇರಿ ನೀರಾವರಿ ನಿಗಮವು ಊರುಗಳ ಬಳಿ ನಾಲೆಗೆ ಹಿಡಿಕಂಬಿಯಿರುವ ಮೆಟ್ಟಿಲು ಕಟ್ಟಿಸಲಿ. ಸುರಂಗ, ತೂಬುಗಳ ಮೇಲ್ಭಾಗದಲ್ಲಿ ತೇಲುಗುಂಡು ಕಟ್ಟಿದ ಅಡ್ಡಹಗ್ಗ ಹಾಕಿಸಲಿ. ನಾಲೆಗೆ, ಹೊಳೆಗೆ ನೀರು ಬಿಡುವ ಮುನ್ನ ಡಂಗುರ ಇಲ್ಲವೇ ಪಂಚಾಯಿತಿಯ ಮೈಕಿನಲ್ಲಿ ಸಾರಲಿ. ಕೆರೆಯಲ್ಲಿ ಗುಂಡಿ ತೆಗೆದವರೇ ಅದರ ಅಂಚನ್ನು ಇಳಿಜಾರು ಮಾಡಿ ಹೋಗಬೇಕೆಂದು ಪರವಾನಗಿಯಲ್ಲೇ ಬರೆಯಿರಿ.

ಕೊನೆಯದಾಗಿ, ಮೇಲೆತ್ತಿದ ಮಗುವಿಗೆ ಏನು ಮಾಡಬೇಕೆಂಬುದು. ಇಂದಿಗೂ ನಮ್ಮೂರುಗಳಲ್ಲಿ ಮಗುವಿನ ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುತ್ತಾರೆ, ಹೊಟ್ಟೆ ಅಮುಕುತ್ತಾರೆ. ಉಸಿರು ಕೊಡಬೇಕಾದ ನಿಮಿಷಗಳು ಅದರಲ್ಲೇ ಕಳೆಯುತ್ತವೆ. 2022ರಲ್ಲಿ ಬಳ್ಳಾರಿ ಬಳಿಯ ಸಿರವಾರದಲ್ಲಿ, ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆಂಬ ಮೊಬೈಲ್ ಸುದ್ದಿ ನಂಬಿ ಹೆತ್ತವರು ಮಗನ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಅವರನ್ನು ನೋಡಿ ನಗಲು ನಮಗೆ ಬಾಯಿಲ್ಲ. ಅವರಿಗೆ ಸರಿಯಾದುದನ್ನು ಯಾರೂ ಹೇಳಿರಲಿಲ್ಲ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ನೆರವಿನಿಂದ ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ, ಪ್ರೌಢಶಾಲೆಯ ಮಕ್ಕಳಿಗೆ ಬಾಯಿಂದ ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಗೊಂಬೆಯ ಮೇಲೆ ಮಾಡಿಸಿ ಕಲಿಸಿ. ಜೊತೆಗೆ ಇನ್ನೊಂದು ಮಾತು ಪ್ರತಿ ಮಗುವಿಗೂ ಬಾಯಿಪಾಠವಾಗಲಿ: ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡ, ಕೂಗು, ಕೋಲು ಚಾಚು, ಪಂಚೆಯನ್ನೋ ಟವೆಲ್ಲನ್ನೋ ಎಸೆ, ಖಾಲಿ ಕ್ಯಾನು ಎಸೆ.

ಹಣದ ಮಾತಿಗೆ ಬಂದರೆ, ಈ ಬೇಡಿಕೆಗಳಲ್ಲಿ ಹೆಚ್ಚಿನವಕ್ಕೆ ಹೊಸ ಯೋಜನೆ ಬೇಕಿಲ್ಲ. ಶಿಕ್ಷಣ, ಕೃಷಿ, ನೀರಾವರಿ, ಪೊಲೀಸ್, ಪಂಚಾಯತ್ ರಾಜ್ ಇಲಾಖೆಗಳನ್ನು ಒಂದೇ ಮೇಜಿಗೆ ಕರೆಯುವ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ತಮಗಿದೆ. ಅದಕ್ಕಾಗಿಯೇ ಈ ಪತ್ರವನ್ನು ಐದು ಕಚೇರಿಗಳಿಗೆ ಅಲೆಸದೆ ತಮ್ಮಲ್ಲಿಗೆ ತಂದಿದ್ದೇವೆ.

ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆ ದಿನವೆಂದು 2021ರಲ್ಲಿ ಘೋಷಿಸಿದೆ. ಆ ದಿನ ಬ್ಯಾನರ್ ಕಟ್ಟಿ ಜಾಥಾ ಮಾಡುವುದು ಬೇಡ. ಆ ಹೊತ್ತಿಗೆ ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೊಂದರಂತೆ ನಾಲ್ಕು ಕಲ್ಯಾಣಿ ಗುರುತಿಸಿ, ಮುಂದಿನ ಬೇಸಿಗೆಗೆ ಮೊದಲೇ ಮೊದಲ ತಂಡದ ಮಕ್ಕಳನ್ನು ನೀರಿಗಿಳಿಸಬೇಕೆಂದು ವಿನಂತಿ. ಹಗ್ಗ ಹಿಡಿದು ದಡದಲ್ಲಿ ಕೂರಲು ಪೋಷಕರಾದ ನಾವು ಸರದಿಯಂತೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಾಲ್ಕೂ ತಾಲ್ಲೂಕುಗಳ ಸಹಿದಾರರು

ಸ್ಥಳ: ಹಾಸನ

ಪ್ರತಿಗಳು: ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್, ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಮುಖ್ಯ ಎಂಜಿನಿಯರ್, ಹೇಮಾವತಿ ಯೋಜನೆ, ಗೊರೂರು.